ಬಾಯ್ಲರ್ ಹೋಗಲಿ, ಬೆಂಕಿ ಇರಲಿ

ಅಕ್ಟೋಬರ್ ತಿಂಗಳ ಒಂದು ಬೆಳಿಗ್ಗೆ ಥೆಲ್ಮಾಳ ಮನೆಯ ಮುಂದಿನ ಕೋಣೆಯಲ್ಲಿ, ಗ್ಯಾಸ್ ಅಗ್ಗಿಷ್ಟಿಕೆಯ ಬುಡದಿಂದ ತುಕ್ಕುನೀರು ಒಸರಿ ನೆಲಗಂಬಳಿಯ ಅಂಚನ್ನು ನೆನೆಸಿತು. ಸೊಂಟದ ಕೀಲು ಬದಲಿಸಿಕೊಂಡು ಇನ್ನೂ ವರ್ಷ ತುಂಬದ ಅವಳು ಬಗ್ಗುವಂತಿರಲಿಲ್ಲ. ಊರುಗೋಲಿನ ತುದಿಯಿಂದ ಕಂಬಳಿಯನ್ನು ಒತ್ತಿ ನೋಡಿದಳು. ಪಚಕ್ ಎಂದಿತು.

"ಹೋದ್ಯಾ ಮುದುಕಾ?" ಎಂದಳು.

ಪ್ರಾಸ್ಪೆಕ್ಟ್ ಟೆರೇಸ್ ಎಂಬ ಆ ಬೀದಿಯ ಮನೆಗಳಲ್ಲಿ ಹಳೆಯ ಬಾಯ್ಲರ್ ಕಣ್ಣಿಗೆ ಬೀಳುವ ವಸ್ತುವಲ್ಲ. ಹಿಂದೆ ಕಲ್ಲಿದ್ದಲು ಉರಿಯುತ್ತಿದ್ದ ಗೋಡೆಯ ಗೂಡಿನೊಳಗೆ ಅದು ಅಡಗಿ ಕೂತಿರುತ್ತದೆ. ಅದರ ಮುಂದೆ ಗ್ಯಾಸ್ ಅಗ್ಗಿಷ್ಟಿಕೆ. ಹಿಂದಿನವನು ನೀರು ಕಾಯಿಸುತ್ತಾನೆ, ಮುಂದಿನವಳು ಕೋಣೆ ಬೆಚ್ಚಗಿಡುತ್ತಾಳೆ, ಇಬ್ಬರ ಹೊಗೆಗೂ ಒಂದೇ ಚಿಮಣಿ. ಬೀದಿಯವರೆಲ್ಲ ಈ ಜೋಡಿಯನ್ನು ಎಂದೋ ಕಿತ್ತೆಸೆದಿದ್ದರು. ಥೆಲ್ಮಾಳ ಮನೆಯಲ್ಲಿ ಮಾತ್ರ ಆ ಸಂಸಾರ ಇನ್ನೂ ನಡೆದಿತ್ತು.

ಮೊದಲು ಬಂದ ಕಂಪನಿಯವನು ಗೂಡಿನೊಳಗೆ ಟಾರ್ಚ್ ಬಿಟ್ಟು ನೋಡಿ, "ಬಾಯ್ಲರ್ ತೂತಾಗಿದೆ. ಎರಡನ್ನೂ ತೆಗೆದುಬಿಡೋದೇ" ಎಂದ.

"ಯಾಕಪ್ಪಾ ಎರಡು? ತೂತು ಬಿದ್ದಿರೋದು ಒಂದಕ್ಕೆ."

"ಎರಡೂ ಒಟ್ಟಿಗೇ ಬಂದಿದ್ದು, ಮೇಡಂ. ಒಟ್ಟಿಗೇ ಹೋಗ್ತವೆ."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋ ಜನ ನೀವು" ಎಂದು ಥೆಲ್ಮಾ ಅವನಿಗೆ ಚಹಾ ಕೊಟ್ಟು ಕಳಿಸಿದಳು. ಎರಡನೆಯವನು ಗೂಡು ಮುಚ್ಚಿ, ಅಲ್ಲಿ ಕರೆಂಟಿನದೊಂದನ್ನು ಕೂರಿಸಿಕೊಡುತ್ತೇನೆ, ಗಾಜಿನ ಹಿಂದೆ ಜ್ವಾಲೆಯ ಚಿತ್ರ ಕುಣಿಯುತ್ತದೆ ಎಂದ. "ಟಿವಿಯಲ್ಲಿ ಊಟ ತೋರಿಸಿದ್ರೆ ಹೊಟ್ಟೆ ತುಂಬತ್ತೇನು?" ಎಂದು ಅವನಿಗೂ ಚಹಾ ಕೊಟ್ಟು ಕಳಿಸಿದಳು.

ಅವಳ ಹಟಕ್ಕೆ ಕಾರಣ ಇಡೀ ಬೀದಿಗೆ ಗೊತ್ತಿತ್ತು. ಕಣಿವೆಯ ತಳದಲ್ಲಿ ಹೊಳೆ ಉಕ್ಕಿ ವಿದ್ಯುತ್ ಕೇಂದ್ರದೊಳಕ್ಕೆ ನುಗ್ಗಿದ್ದ ಆ ಚಳಿಗಾಲದಲ್ಲಿ, ಗುಡ್ಡದ ಮೇಲಿನ ಪ್ರಾಸ್ಪೆಕ್ಟ್ ಟೆರೇಸಿಗೆ ಹೊಳೆಯ ನೀರು ಏರಲಿಲ್ಲ. ಕತ್ತಲೆ ಮಾತ್ರ ಬಂತು. ಕ್ರಿಸ್‌ಮಸ್ ಮುಗಿದ ಮೇಲಿನ ಕೊರೆಯುವ ಚಳಿ. ಹೆಚ್ಚಿನವರ ಅಡುಗೆಮನೆಯಲ್ಲಿ ಹೊಚ್ಚಹೊಸ ಬಾಯ್ಲರ್, ಆದರೆ ಕರೆಂಟಿಲ್ಲದೆ ಒಂದೂ ಉಸಿರೆತ್ತಲಿಲ್ಲ. ಥೆಲ್ಮಾಳ ಅಗ್ಗಿಷ್ಟಿಕೆಗೆ ಕರೆಂಟಿನ ಹಂಗಿಲ್ಲ. ಗುಂಡಿ ಒತ್ತಿ ತಿರುಗಿಸಿದರೆ ಟಕ್ಕೆಂದು ಹತ್ತಿಕೊಳ್ಳುತ್ತದೆ. ಕರೆಂಟು ಬರುವವರೆಗೂ ಬೀದಿಯ ಅರ್ಧ ಜನ ಆ ಕೋಣೆಯಲ್ಲೇ ಇದ್ದರು. ತುದಿಮನೆಯ ಪರ್ವೀನ್ ದೊಡ್ಡ ಪಾತ್ರೆಯಲ್ಲಿ ದಾಲ್ ಕಾಯಿಸಿ ತಂದಳು. ಬೆಂಕಿಗೆ ಹತ್ತಿರದ ಕುರ್ಚಿ ತನಗೇ ಇರಲಿ ಎಂದು ಒಬ್ಬರೂ ಅನ್ನಲಿಲ್ಲ. ಸ್ವಲ್ಪ ಹೊತ್ತು ಕೂತವರು ಯಾವುದೋ ನೆಪ ಹೇಳಿ ಎದ್ದು ಹಿಂದಕ್ಕೆ ಹೋಗಿ, ಹಿಂದಿನವರಿಗೆ ಜಾಗ ಮಾಡಿಕೊಡುತ್ತಿದ್ದರು.

ಅಂದಿನಿಂದ ಆ ಬೆಂಕಿ ತನ್ನೊಬ್ಬಳದಲ್ಲ ಎಂದೇ ಥೆಲ್ಮಾ ತಿಳಿದಿದ್ದಳು.

ಕೊನೆಗೆ ಮಗಳು ಗೇನರ್‌ಳ ಗಂಡ ಗ್ಲಿನ್‌ನನ್ನೇ ಕರೆಸಿದಳು. ಗ್ಯಾಸ್ ಕೆಲಸವೇ ಅವನ ಕಸುಬು. ಆದರೆ ಹೆಂಡತಿಯ ತವರಿನ ಕೆಲಸಕ್ಕೆ ಕೈ ಹಾಕಬಾರದು, ಹಾಕಿದರೆ ಜೀವಮಾನವಿಡೀ ರಿಪೇರಿ ತಪ್ಪದು ಎಂಬುದು ವೇಲ್ಸ್ ಕಡೆಯ ಅವನ ನಂಬಿಕೆ. ಬಂದವನು ಮೊದಲು ಅಗ್ಗಿಷ್ಟಿಕೆಯ ಒಳಗೆ ಕೆತ್ತಿದ್ದ ಹೆಸರು, ನಂಬರು ಬರೆದುಕೊಂಡ. ತಯಾರಿಸಿದವರಿಗೇ ಫೋನ್ ಮಾಡಿ ಕೇಳಿದ. ಆಮೇಲೆ ಅತ್ತೆಯ ಎದುರು ಕೂತ.

"ಆಗತ್ತೆ ಥೆಲ್ಮಾ. ಈ ಮಾಡೆಲ್‌ಗೆ ಆಗತ್ತಂತೆ. ಬಾಯ್ಲರನ್ನ ಕೊಂದು ಅಲ್ಲೇ ಬಿಡ್ತೀನಿ. ಬೆಂಕಿ ಇರತ್ತೆ. ಹೊಸ ಬಾಯ್ಲರ್ ಅಡುಗೆಮನೆಗೆ."

"ಕೊಂದ ಮೇಲೆ ಹೆಣ ಯಾಕೆ ಅಲ್ಲೇ?"

"ಬೆಂಕಿಯ ಹೊಗೆ ಅವನ ತಲೆ ಮೇಲಿರೋ ಟೊಪ್ಪಿಗೆ ಮೂಲಕಾನೇ ಚಿಮಣಿಗೆ ಹೋಗ್ಬೇಕು. ಸತ್ರೂ ಹೆಗಲು ಕೊಡ್ತಾನೆ."

"ಎಷ್ಟು ಗಂಡಸರ ಬಗ್ಗೆ ಹಾಗೆ ಹೇಳೋಕಾಗತ್ತೆ!" ಎಂದಳು ಥೆಲ್ಮಾ.

"ಒಂದು ಮಾತು." ಗ್ಲಿನ್ ನಗಲಿಲ್ಲ. "ಕೊನೇಲಿ ಹೊಗೆ ಪರೀಕ್ಷೆ ಇದೆ. ಹೊಗೆ ಚಿಮಣಿಗೆ ಹೋಗದೆ ಕೋಣೆಗೆ ಬಂತು ಅಂದ್ರೆ ಬೆಂಕಿಯ ಗ್ಯಾಸನ್ನ ನಾನೇ ಕಟ್ ಮಾಡ್ಬೇಕು. ನೀವು ನನ್ನ ಅತ್ತೆ ಅಂತ ಬಿಡೋಕಾಗಲ್ಲ."

"ಬರಲ್ಲ ಬಿಡು. ಬೀದಿಯವರಿಗೆಲ್ಲ ಬೆಂಕಿ ಉಳಿಯತ್ತೆ ಅಂತ ಹೇಳಿಬಿಟ್ಟಿದ್ದೀನಿ ನಾನು."

ಹೊಸ ಬಾಯ್ಲರ್ ಬಂದು ಗೋಡೆಗೇರಿತು. ಮಾರನೇ ದಿನ ಹಳೆಯದರ ಸರದಿ. ಗ್ಲಿನ್ ಹಿತ್ತಲಿಗೆ ಪೈಪು ಎಳೆದು ನೀರಿಳಿಸಿದಾಗ ಮಸಿಯಂಥ ಕಪ್ಪು ನೀರು ಗಳಗಳ ಹರಿಯಿತು. ಪಕ್ಕದ ಮನೆಯ ಬೆರಿಲ್ ಆ ಹೊತ್ತಿಗೆ ಸರಿಯಾಗಿ ಹಿಂಬಾಗಿಲಿನಿಂದ ಬಂದಳು. ಬೆರಿಲ್ ಬಾಗಿಲು ತಟ್ಟುವವಳಲ್ಲ. ಥೆಲ್ಮಾಳ ಮನೆಯ ಬೀಗದ ಕೈ ಅವಳ ಹತ್ತಿರವೇ ಇತ್ತು. ಥೆಲ್ಮಾ ಸೊಂಟಕ್ಕೆಂದು ಆಸ್ಪತ್ರೆ ಸೇರಿದ್ದಾಗ ಗಿಡಕ್ಕೆ ನೀರು, ಕಿಟಕಿಗೆ ಹೊಸ ಪರದೆ, ಮನೆಗೆ ಬರುವ ದಿನ ಫ್ರಿಜ್ಜಿನಲ್ಲಿ ಹಾಲು, ಮೊಟ್ಟೆ, ಸೂಪು, ಎಲ್ಲ ಅವಳದೇ. ಕೇಳದೆಯೇ ಮಾಡುತ್ತಿದ್ದಳು, ಮಾಡಿದ್ದನ್ನು ಹೇಳುತ್ತಿರಲಿಲ್ಲ. ತಾನಾಗಿ ಕಣ್ಣಿಗೆ ಬಿದ್ದಾಗ ಥೆಲ್ಮಾ ಬೆರಗಾಗುವುದನ್ನು ನೋಡುವುದೇ ಅವಳಿಗೆ ಸುಖ.

"ಥೂ, ಇದೇ ನೀರಲ್ಲಾ ಇಷ್ಟು ದಿನ ನಿನ್ನ ರೇಡಿಯೇಟರ್‌ನಲ್ಲಿ ಓಡಾಡ್ತಿದ್ದಿದ್ದು?" ಎಂದಳು ಬೆರಿಲ್.

"ನಿನ್ನ ಚಹಾಕ್ಕಿಂತ ವಾಸಿ ಕಣೇ" ಎಂದಳು ಥೆಲ್ಮಾ.

ಗ್ಲಿನ್ ಗೂಡಿನ ಮುಂದೆ ಬೋರಲು ಮಲಗಿ ಕೆಲಸ ಮಾಡುತ್ತಿದ್ದ. ಬಾಯ್ಲರಿಗೆ ಹೋಗುವ ಗ್ಯಾಸಿನ ಕವಲು ಕತ್ತರಿಸಿ ಮುಚ್ಚಿದ. ಕರೆಂಟಿನ ತಂತಿ ಬಿಡಿಸಿದ. ನೀರಿನ ಪೈಪುಗಳನ್ನು ಕತ್ತರಿಸಿ ಬಾಯಿ ತೆರೆದೇ ಬಿಟ್ಟ.

"ಅದನ್ನ ಮುಚ್ಚೋದಿಲ್ವೇನಪ್ಪಾ?" ಎಂದಳು ಬೆರಿಲ್. "ಇಲಿ ಗಿಲಿ ಹೋದಾವು."

"ಮುಚ್ಚಬಾರದು ಬೆರಿಲ್. ಒಳಗೆ ಒಂಚೂರು ನೀರು ಉಳಿದು, ಬಾಯಿ ಕಟ್ಟಿ, ಮುಂದೆ ಬೆಂಕಿ ಹಾಕಿದ್ರೆ ಆವಿ ಎಲ್ಲಿಗೆ ಹೋಗ್ಬೇಕು? ಸಿಡಿಯತ್ತೆ. ಸತ್ತೋರ ಬಾಯಿ ತೆರೆದೇ ಇರ್ಬೇಕು."

"ನಮ್ಮ ಯಜಮಾನ್ರದ್ದು ಹಾಗೇ ಇತ್ತು ಪಾಪ" ಎಂದ ಬೆರಿಲ್, ಓವನ್ನಿನಲ್ಲಿ ಪಾರ್ಕಿನ್ ಇಟ್ಟು ಬಂದಿದ್ದು ನೆನಪಾಗಿ ಓಡಿದಳು. ಓಟ್ಸ್ ಮತ್ತು ಶುಂಠಿಯ ಆ ಕೇಕನ್ನು ಅವಳಷ್ಟು ಮೆತ್ತಗೆ ಮಾಡುವವರು ಬೀದಿಯಲ್ಲಿ ಇನ್ನೊಬ್ಬರಿಲ್ಲ.

ಊಟದ ಹೊತ್ತು ಮೀರಿದ ಮೇಲೆ ಅಗ್ಗಿಷ್ಟಿಕೆ ಮತ್ತೆ ತನ್ನ ಜಾಗದಲ್ಲಿ ಕೂತಿತು. ಗ್ಲಿನ್ ಕಿಟಕಿ, ಬಾಗಿಲು ಎಲ್ಲ ಹಾಕಿದ. ಅಡುಗೆಮನೆಯ ಹೊಗೆ ಎಳೆಯುವ ಫ್ಯಾನನ್ನು, ಅದು ಗಾಳಿ ಎಳೆದಾಗಲೂ ಬೆಂಕಿಯ ಹೊಗೆ ಚಿಮಣಿಗೇ ಹೋಗಬೇಕೆಂದು, ಬೇಕೆಂದೇ ಜೋರಾಗಿ ತಿರುಗಲು ಬಿಟ್ಟ. ಬೆಂಕಿ ಹಚ್ಚಿ, ಚಿಮಣಿ ಬಿಸಿಯಾಗುವಷ್ಟು ಕಾದು, ಜೇಬಿನಿಂದ ಹೊಗೆಕಡ್ಡಿ ತೆಗೆದು ಹೊತ್ತಿಸಿ ಅಗ್ಗಿಷ್ಟಿಕೆಯ ನೆತ್ತಿಯ ಅಂಚಿಗೆ ಹಿಡಿದ.

ಬಿಳಿ ಹೊಗೆಯ ಎಳೆ ಒಳಕ್ಕೆ ಹೋಗಬೇಕಿತ್ತು. ಅಂಚಿನಲ್ಲಿ ಒಂದು ಕ್ಷಣ ಅನುಮಾನಿಸಿ ನಿಂತು, ಸುರುಳಿ ಸುತ್ತಿ, ಥೆಲ್ಮಾಳ ಕುರ್ಚಿಯ ಕಡೆಗೆ ಬಂತು.

ಗ್ಲಿನ್ ಕಡ್ಡಿ ಕೆಳಗಿಳಿಸಿದ.

"ಇನ್ನೂ ಬಿಸಿಯಾಗಿಲ್ಲ ಅನ್ಸತ್ತೆ" ಎಂದ ಗ್ಲಿನ್. ಇನ್ನಷ್ಟು ಕಾದರು. ಮತ್ತೆ ಹಿಡಿದ. ಮತ್ತೆ ಹೊಗೆ ಹೊರಕ್ಕೇ ಬಂತು.

ಥೆಲ್ಮಾಳಿಗೆ ಅವನ ಮುಖ ನೋಡಿದರೆ ಸಾಕಿತ್ತು. ಅವನ ಕೈ ಸ್ಪ್ಯಾನರಿನ ಕಡೆಗೆ ಇನ್ನೂ ಹೋಗಿರಲಿಲ್ಲ, ಆದರೆ ಹೋಗಬೇಕಾಗುತ್ತದೆ ಎಂಬುದು ಅವನಿಗೂ ಗೊತ್ತಿತ್ತು, ಅವಳಿಗೂ. ಮುಂದಿನ ಸಲ ಹೊಳೆ ಉಕ್ಕಿದಾಗ ತುದಿಮನೆಯ ಮಕ್ಕಳು ಕಂಬಳಿ ಹೊದ್ದು ಬಾಗಿಲಿಗೆ ಬಂದರೆ ಏನು ಹೇಳುವುದು?

"ಗ್ಲಿನ್, ಕಟ್ ಮಾಡೋದಾದ್ರೆ ಮಾಡು. ನಾನೇನೂ ಅಳಲ್ಲ" ಎಂದಳು. "ಆದ್ರೆ ಮೊದಲು ಯಾಕೆ ಅಂತ ಹುಡುಕು. ಈ ಚಿಮಣಿ ನನಗೆ ಗೊತ್ತು. ಸುಮ್ಮಸುಮ್ಮನೆ ಮೊಂಡು ಹಿಡಿಯೋ ಪೈಕಿ ಅಲ್ಲ."

ಗ್ಲಿನ್ ಏಣಿ ಹತ್ತಿ ಮಾಡಿನ ಮೇಲೆ ಹೋಗಿ ಬಂದ. ಚಿಮಣಿಯ ಕೊಳವೆ ಶುದ್ಧವಾಗಿತ್ತು. ಫ್ಯಾನ್ ನಿಲ್ಲಿಸಿ ನೋಡಿದ. ಹೊಗೆ ಒಳಕ್ಕೆ ಹೋಯಿತು. ಫ್ಯಾನ್ ಹಾಕಿ ಬಾಗಿಲು ತೆರೆದ. ಆಗಲೂ ಒಳಕ್ಕೇ ಹೋಯಿತು. ಬಾಗಿಲು ಮುಚ್ಚಿದ ಕೂಡಲೇ ಹೊರಕ್ಕೆ.

"ಚಿಮಣಿದಲ್ಲ ತಪ್ಪು. ಕೋಣೆಗೇ ಉಸಿರು ಸಾಲ್ತಿಲ್ಲ. ಹೊಸ ಕಿಟಕಿ ಹಾಕಿಸಿದ್ದೀರಿ, ಗಾಳಿ ಒಂದೆಳೆ ನುಸುಳಲ್ಲ. ಆದ್ರೆ ಅದಕ್ಕೇ ಅಲ್ವಾ ಅಲ್ಲಿ ಗಾಳಿಕಿಂಡಿ ಇರೋದು?"

ಕಿಟಕಿಯ ಕೆಳಗೆ, ಗೋಡೆಯ ಬುಡದಲ್ಲಿ ಬಿಳಿಯ ಜಾಲರಿ ಹಾಕಿದ ಕಿಂಡಿ ಇತ್ತು. ಬೆಳಿಗ್ಗೆಯೇ ಅವನು ಒಳಗಿನಿಂದ ಜಾಲರಿ ನೋಡಿದ್ದ, ಹೊರಗಿನಿಂದ ಇಟ್ಟಿಗೆಯ ತೂತು ನೋಡಿದ್ದ. ಎರಡೂ ಚೊಕ್ಕ. ಈಗ ಹೊಗೆಕಡ್ಡಿಯನ್ನು ಜಾಲರಿಯ ಮುಂದೆ ಹಿಡಿದ. ಹೊಗೆ ನೇರವಾಗಿ ಮೇಲಕ್ಕೆ ಎದ್ದು ನಿಂತಿತು, ಅಲುಗಾಡಲಿಲ್ಲ.

"ಇದನ್ನ ಬೆಳಿಗ್ಗೆಯೇ ಮಾಡ್ಬೇಕಿತ್ತು ನಾನು" ಎಂದು ಗೊಣಗಿ, ಸ್ಕ್ರೂ ಬಿಚ್ಚಿ ಜಾಲರಿ ತೆಗೆದು ಒಳಗೆ ಕೈ ಹಾಕಿದ. ಬೆರಳಿಗೆ ಮೆತ್ತಗೇನೋ ಸಿಕ್ಕಿತು. ಎಳೆದ. ಗೋಡೆಯ ಹೊಟ್ಟೆಯಿಂದ ಬೂದು ಬಣ್ಣದ ಉಣ್ಣೆಯ ಉದ್ದನೆಯ ಚೀಲ ಹೊರಬಂತು. ಒಳಗೆ ಚಿಂದಿ ತುಂಬಿ, ಕಿಂಡಿಯ ಅಳತೆಗೆ ಸರಿಯಾಗಿ ಹೆಣೆದು, ತುದಿಯನ್ನು ಅಚ್ಚುಕಟ್ಟಾಗಿ ಹೊಲಿದಿತ್ತು. ಅದು ಹೊರಬಿದ್ದ ಮರುಕ್ಷಣ ತಣ್ಣನೆಯ ಗಾಳಿ ಥೆಲ್ಮಾಳ ಪಾದ ಸವರಿತು.

ಥೆಲ್ಮಾ ಆ ಚೀಲವನ್ನು ಮಡಿಲಲ್ಲಿಟ್ಟುಕೊಂಡಳು. ಹೆಣಿಗೆ ಯಾರದೆಂದು ಯೋಚಿಸಬೇಕಿರಲಿಲ್ಲ. ಕಿಂಡಿಯಿಂದ ಬರುವ ಗಾಳಿಗೆ ಕಾಲು ಮರಗಟ್ಟುತ್ತದೆ ಎಂದು ಹೋದ ಚಳಿಗಾಲವೆಲ್ಲ ಬೆರಿಲ್‌ಳ ಹತ್ತಿರ ದೂರಿದ್ದಳು. ಆಸ್ಪತ್ರೆಯಿಂದ ಬಂದ ಮೇಲೆ ಕಾಲಿಗೆ ಚಳಿ ಹತ್ತುವುದೇ ನಿಂತಿದೆ, ಡಾಕ್ಟರು ಸೊಂಟದ ಜೊತೆಗೆ ರಕ್ತ ಓಡಾಟವನ್ನೂ ಸರಿಮಾಡಿದ್ದಾರೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದಳು. ಹಾಗೆ ಹೇಳುವಾಗೆಲ್ಲ ಬೆರಿಲ್ ಪಕ್ಕದಲ್ಲಿ ಕೂತು ಮುಗುಳ್ನಗುತ್ತಿದ್ದಳು.

"ಆಸ್ಪತ್ರೆಯಿಂದ ಬಂದ್ಮೇಲೆ ತಲೆನೋವು ಬರ್ತಿತ್ತಾ?" ಗ್ಲಿನ್ ಮೆಲ್ಲಗೆ ಕೇಳಿದ.

"ಬರ್ತಿತ್ತು. ಮಾತ್ರೆದು ಅಂದ್ಕೊಂಡೆ."

"ಅಲಾರಂ ಎಲ್ಲಿ? ವಿಷಗಾಳಿಗೆ ಅಂತ ಗೇನರ್ ತಂದ್ಕೊಟ್ಟಿದ್ಲಲ್ಲ?"

ಥೆಲ್ಮಾ ಮೇಜಿನ ಡ್ರಾಯರಿನ ಕಡೆ ಕಣ್ಣು ಹಾಯಿಸಿದಳು. "ಅದು ಕೀಂ ಕೀಂ ಅಂತಿತ್ತು. ಬ್ಯಾಟರಿ ತೆಗೆದು ಒಳಗಿಟ್ಟೆ."

ಗ್ಲಿನ್ ತಲೆ ಮೇಲೆ ಕೈ ಇಟ್ಟುಕೊಂಡ. ಬೈಯಲಿಲ್ಲ. ಎದ್ದು ವ್ಯಾನಿಗೆ ಹೋಗಿ ಹೊಸ ಅಲಾರಂ ತಂದು, ಅವಳ ಕೈಗೆ ಎಟುಕದಷ್ಟು ಎತ್ತರಕ್ಕೆ ತೂಗುಹಾಕಿದ. ಆಮೇಲೆ ಮತ್ತೆ ಕಿಟಕಿ, ಬಾಗಿಲು ಹಾಕಿ, ಫ್ಯಾನ್ ಹಾಕಿ, ಕಡ್ಡಿ ಹಚ್ಚಿ ಹಿಡಿದ. ಹೊಗೆ ಹಿಂದೆಮುಂದೆ ನೋಡದೆ, ತವರಿಗೆ ಹೊರಟ ಹೆಣ್ಣಿನ ಹಾಗೆ ಸರಸರ ಒಳಗೆ ಹೋಯಿತು. ಇನ್ನೊಮ್ಮೆ ಹಿಡಿದ. ಇನ್ನೊಮ್ಮೆಯೂ ಹೋಯಿತು.

"ಪಾಸು" ಎಂದ.

"ನಾನು ಹೇಳಲಿಲ್ವಾ?" ಎಂದಳು ಥೆಲ್ಮಾ. ಆದರೆ ಅವಳ ಕೈ ಇನ್ನೂ ಆ ಉಣ್ಣೆಯ ಮೇಲೇ ಇತ್ತು.

"ಬೆರಿಲ್‌ಗೆ ಹೇಳೋದು ಬೇಡ ಬಿಡಿ" ಎಂದ ಗ್ಲಿನ್. "ಪಾಪ, ಎದೆ ಒಡ್ಕೋತಾರೆ. ಇಲಿ ಗೂಡು ಸಿಕ್ತು ಅನ್ನೋಣ."

ಥೆಲ್ಮಾಳಿಗೂ ಮನಸ್ಸು ಅತ್ತಲೇ ಎಳೆಯಿತು. ಉತ್ತರ ಕೊಡುವಷ್ಟರಲ್ಲಿ ಹಿಂಬಾಗಿಲು ತೆರೆಯಿತು. ಬೆರಿಲ್ ಪಾರ್ಕಿನ್ ತಟ್ಟೆ ಹಿಡಿದು ಬಂದವಳು ಮಡಿಲಲ್ಲಿದ್ದ ಬೂದು ಚೀಲ ನೋಡಿ ಮುಖ ಅರಳಿಸಿದಳು.

"ಅಯ್ಯೋ, ಸಿಕ್ಕಿಬಿಡ್ತಾ! ಇಷ್ಟು ದಿನ ಕೂತಲ್ಲೇ ಕೂತಿದ್ದೀಯ, ಗೊತ್ತೇ ಆಗಿಲ್ಲ ನೋಡು ನಿಂಗೆ! ರಕ್ತ ಓಡಾಟವಂತೆ, ಡಾಕ್ಟರಂತೆ! ನಕ್ಕು ನಕ್ಕು ಸಾಕಾಗಿತ್ತು ನಂಗೆ."

ಯಾರೂ ನಗದಿದ್ದುದನ್ನು ಅವಳು ತಡವಾಗಿ ಗಮನಿಸಿದಳು. ತಟ್ಟೆ ಕೈಯಲ್ಲೇ ನಿಂತಿತು. "ಏನಾಯ್ತು?"

ಇಲಿ ಗೂಡಿನ ಕಥೆ ಅಲ್ಲಿಗೇ ಸತ್ತುಹೋಯಿತು. ಥೆಲ್ಮಾ ಪಕ್ಕದ ಕುರ್ಚಿಯನ್ನು ಕೋಲಿನಿಂದ ಎಳೆದಳು.

"ಕೂತ್ಕೋ. ಬೈಯೋದಿಲ್ಲ, ಆದ್ರೆ ಸುಳ್ಳೂ ಹೇಳೋದಿಲ್ಲ. ಈ ಕಿಂಡಿ ಬೆಂಕಿ ಉಸಿರಾಡೋಕೆ ಇರೋದು ಕಣೇ. ಮುಚ್ಚಿದ್ರೆ ವಿಷಗಾಳಿ ಚಿಮಣಿಗೆ ಹೋಗದೆ ಕೋಣೆಗೇ ಬರತ್ತೆ. ಬೇಸಿಗೆಗೆ ಮುಂಚೆ ನಂಗೆ ತಲೆ ಸಿಡೀತಿತ್ತಲ್ಲ, ಅದು ಅದಕ್ಕೇ ಇರಬಹುದು."

ಬೆರಿಲ್‌ಳ ಮುಖ ಸುಣ್ಣದ ಹಾಗಾಯಿತು. ತಟ್ಟೆಯನ್ನು ಗ್ಲಿನ್ ತೆಗೆದುಕೊಳ್ಳದಿದ್ದರೆ ಬೀಳುತ್ತಿತ್ತು.

"ನಾನು... ನೀನು ಚಳೀಲಿ ಕೂರಬಾರದು ಅಂತ..."

"ಗೊತ್ತು. ನೀನು ಕಿಂಡಿ ಮುಚ್ಚಿದೆ, ನಾನು ಅಲಾರಂ ಬಾಯಿ ಮುಚ್ಚಿದೆ. ನನ್ನ ಕೊಲ್ಲೋದ್ರಲ್ಲಿ ನಮ್ಮಿಬ್ಬರದ್ದೂ ಸಮಪಾಲು. ಆಗಲಿಲ್ಲ ನೋಡು, ಇಬ್ಬರೂ ದಡ್ಡಿಯರು."

ಬೆರಿಲ್ ನಗಲಿಲ್ಲ. ಕಣ್ಣು ನೆಲದಲ್ಲಿ ನೆಟ್ಟು, ತುಟಿ ಅಲುಗಿಸಿ ಏನೋ ಲೆಕ್ಕ ಹಾಕಿದಳು. ಆಮೇಲೆ ದಿಗ್ಗನೆ ಎದ್ದಳು.

"ಥೆಲ್ಮಾ. ಸ್ಟಾನ್ಲಿಯ ಕಿಂಡಿಗೂ ಒಂದು ಹೆಣೆದು ಹಾಕಿದ್ದೀನಿ."

ಸ್ಟಾನ್ಲಿ ಮೂರು ಮನೆಯಾಚೆಯ ಮುದುಕ. ಬಸ್ ಓಡಿಸಿ ನಿವೃತ್ತನಾದವನು. ಬೀದಿಯವರೆಲ್ಲರ ಮೇಲೂ ಮುನಿಸು, ಎಲ್ಲರ ಮನೆಯ ಪಾರ್ಕಿನ್ ಮೇಲೂ ಆಸೆ. ಅಡುಗೆಮನೆಯ ನೆಲದ ಮೇಲೆ ನಿಂತಿರುವ ಅವನ ಹಳೆಯ ಬಾಯ್ಲರೂ ಕೋಣೆಯ ಗಾಳಿಯನ್ನೇ ನಂಬಿಕೊಂಡಿದ್ದು.

"ಯಾವಾಗ?" ಎಂದ ಗ್ಲಿನ್, ಆಗಲೇ ಸ್ಕ್ರೂ ಡ್ರೈವರ್ ಎತ್ತಿಕೊಂಡಿದ್ದ.

"ಹೋದ ವಾರ. ಅಂಗಡಿಗೆ ಹೋಗಿದ್ದ, ಆಗ."

ಇಲಿ ಗೂಡು ಎಂದಿದ್ದರೆ ಏನಾಗುತ್ತಿತ್ತು ಎಂಬುದು ಥೆಲ್ಮಾಳಿಗೆ ಥಟ್ಟನೆ ಹೊಳೆಯಿತು. ಕೋಟು ಹುಡುಕುತ್ತ ನಿಲ್ಲಲಿಲ್ಲ. ಅಗ್ಗಿಷ್ಟಿಕೆ ಆರಿಸಿ, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಬೆರಿಲ್‌ಳ ತೋಳು ಹಿಡಿದು ಗ್ಲಿನ್‌ನ ಹಿಂದೆ ಹೊರಟಳು. ದಾರಿಯುದ್ದಕ್ಕೂ ಆ ತೋಳನ್ನು ಬಿಗಿಯಾಗಿ ಒತ್ತಿ ಹಿಡಿದಿದ್ದಳು.

ಸ್ಟಾನ್ಲಿ ಬಾಗಿಲು ತೆಗೆಯಲು ಬಹಳ ಹೊತ್ತು ಮಾಡಿದ. ತೆಗೆದಾಗ ಕಣ್ಣು ಕೆಂಪಾಗಿತ್ತು.

"ಏನು ಮೆರವಣಿಗೆ ಇದು? ಮಲಗೋಕೂ ಬಿಡಲ್ವಲ್ಲ ಮನುಷ್ಯನ್ನ! ತಲೆ ಬೇರೆ ಒಡೆದುಹೋಗ್ತಿದೆ."

"ಹೊರಗೆ ಬಾ ಸ್ಟಾನ್ಲಿ" ಎಂದಳು ಥೆಲ್ಮಾ.

"ಯಾಕೆ ಬರ್ಲಿ? ನಿಂಗೇನು, ಹೊಸ ಬಾಯ್ಲರ್ ತೋರಿಸ್ಬೇಕಾ?"

"ಬಾರೋ ಮಾರಾಯ, ಆಮೇಲೆ ಜಗಳ ಆಡೋಣ. ನಾನೆಲ್ಲಿಗೆ ಓಡಿ ಹೋಗ್ಲಿ, ಈ ಸೊಂಟದಲ್ಲಿ?"

ಗ್ಲಿನ್ ಒಳಗೆ ಹೋಗಿ ಕಿಟಕಿಗಳನ್ನೆಲ್ಲ ತೆರೆದ, ಬಾಯ್ಲರ್ ಆರಿಸಿದ, ಎರಡನೇ ಉಣ್ಣೆಯ ಚೀಲ ಹಿಡಿದು ಬಂದ. ಇದು ನೀಲಿ ಬಣ್ಣದ್ದು. ಬೆರಿಲ್ ಮೆಟ್ಟಿಲ ಮೇಲೆ ನಿಂತು, ತಾನು ಮಾಡಿದ್ದನ್ನು ಒಂದಕ್ಷರ ಬಿಡದೆ ಸ್ಟಾನ್ಲಿಗೆ ಹೇಳಿದಳು. ಮುದುಕ ಅವಳನ್ನೂ, ಆ ನೀಲಿ ಚೀಲವನ್ನೂ ನೋಡಿದ. ಬೈಗುಳದ ಸುರಿಮಳೆ ಬಂದೇ ಬರುತ್ತದೆಂದು ಮೂವರೂ ತಲೆ ಒಡ್ಡಿ ಕಾದರು.

"ನಂಗೆ ಅಂತ ಹೆಣೆದ್ಯಾ?" ಎಂದ ಅವನು. "ಹೋದ ವಾರದಿಂದ ಅಡುಗೆಮನೆ ಬೆಚ್ಚಗಿತ್ತು. ನಾನು ಹವೆ ಬದಲಾಯ್ತು ಅಂದ್ಕೊಂಡಿದ್ದೆ."

ನಂತರ ಗಂಟಲು ಸರಿಮಾಡಿಕೊಂಡು ಗ್ಲಿನ್ ಕಡೆ ತಿರುಗಿ ಗದರಿದ. "ನನ್ನ ಬಾಯ್ಲರ್ ಆರಿಸಿದ್ಯಲ್ಲ, ನಾನೇನು ಇವತ್ತು ಹೆಪ್ಪುಗಟ್ಟಬೇಕಾ?"

"ಮೊದಲು ಡಾಕ್ಟರಿಗೆ ಫೋನು" ಎಂದ ಗ್ಲಿನ್. "ನಾಳೆ ಬಂದು ಬಾಯ್ಲರ್ ಪೂರ್ತಿ ನೋಡ್ತೀನಿ. ಅಲ್ಲಿವರೆಗೆ ಹಚ್ಚೋ ಹಾಗಿಲ್ಲ."

"ಹೆಪ್ಪು ಯಾಕೆ ಗಟ್ತೀಯ?" ಎಂದಳು ಥೆಲ್ಮಾ. "ನನ್ನ ಬೆಂಕಿ ಪಾಸಾಗಿದೆ. ನಡಿ."

ಡಾಕ್ಟರಮ್ಮ ಬಂದು ಸ್ಟಾನ್ಲಿಯ ಬೆರಳಿಗೆ ಯಂತ್ರ ಸಿಕ್ಕಿಸಿ, ರಕ್ತ ತೆಗೆದು, ಆಸ್ಪತ್ರೆಗೆ ಫೋನಿನಲ್ಲಿ ಮಾತಾಡಿದಳು. ಸರಿಯಾದ ಹೊತ್ತಿಗೆ ಗೊತ್ತಾಯಿತು, ತಾಜಾ ಗಾಳಿ ಕುಡಿಯಲಿ, ಒಬ್ಬನೇ ಇರುವುದು ಬೇಡ, ತಲೆ ತಿರುಗಿದರೆ ಕೂಡಲೇ ಕರೆಯಿರಿ ಎಂದು ಹೇಳಿ ಹೋದಳು. ಸಂಜೆಯ ಬೆಳಕು ಗುಡ್ಡದ ಹಿಂದೆ ಜಾರುವ ಹೊತ್ತಿಗೆ ಅವನು ಥೆಲ್ಮಾಳ ಮುಂದಿನ ಕೋಣೆಯಲ್ಲಿ, ಬೆಂಕಿಗೆ ಎಲ್ಲರಿಗಿಂತ ಹತ್ತಿರದ ಕುರ್ಚಿಯಲ್ಲಿ, ಪಾರ್ಕಿನ್‌ನ ಎರಡನೇ ತುಂಡಿನ ಮುಂದೆ ಕೂತಿದ್ದ. ಗ್ಲಿನ್ ಅಗ್ಗಿಷ್ಟಿಕೆಯ ಪಕ್ಕದ ಗೋಡೆಗೆ 'ಹಿಂದಿನ ಬಾಯ್ಲರ್ ನಿಷ್ಕ್ರಿಯ, ಮತ್ತೆ ಜೋಡಿಸಬೇಡಿ' ಎಂಬ ಚೀಟಿ ಅಂಟಿಸಿ, ಕೈ ತೊಳೆದುಕೊಂಡ. ನಲ್ಲಿಯಿಂದ ಹೊಗೆಯಾಡುವ ಬಿಸಿನೀರು ಬಂತು.

"ಕಾಲಿಗೆ ಗಾಳಿ ಹೊಡೀತಿದೆ" ಎಂದ ಸ್ಟಾನ್ಲಿ.

ಬೆರಿಲ್ ಸದ್ದಿಲ್ಲದೆ ಎದ್ದು, ತನ್ನ ಕುರ್ಚಿಯನ್ನು ಅವನಿಗೂ ಕಿಂಡಿಗೂ ನಡುವೆ ತಂದು, ಲಂಗ ಹರಡಿ ಕೂತಳು.

"ಬೆರಿಲ್!" ಗ್ಲಿನ್ ಅಡುಗೆಮನೆಯಿಂದಲೇ ಕೂಗಿದ. "ಈಗ ನೀವೇ ಕಿಂಡಿಗೆ ಅಡ್ಡ ಕೂತ್ರೆ ಹೇಗೆ?"

ಬೆರಿಲ್ ಹಾರಿಬಿದ್ದು ಕುರ್ಚಿ ಸರಿಸಿದಳು. ಮಧ್ಯಾಹ್ನದಿಂದ ಅವಳು ತಡೆದಿಟ್ಟಿದ್ದ ಅಳು ಆಗ ನಗುವಾಗಿ ಹೊರಬಂತು. ನಗುತ್ತಲೇ ಕಣ್ಣು ಒರೆಸಿಕೊಂಡಳು.

"ನಿನ್ನ ಹೆಣಿಗೆ ಕಡ್ಡಿ ತಗೊಂಬಾ ಹೋಗು" ಎಂದಳು ಥೆಲ್ಮಾ. "ಇನ್ಮೇಲೆ ಗೋಡೆಗೆ ಬೇಡ ಕಣೇ, ಮನುಷ್ಯರ ಕಾಲಿಗೆ ಹೆಣಿ."

ಸ್ಟಾನ್ಲಿ ತಟ್ಟೆಯಿಂದ ತಲೆ ಎತ್ತಲಿಲ್ಲ. ಚಪ್ಪಲಿ ಕಳಚಿ, ಅಳತೆಗೆಂದು ಒಂದು ಪಾದವನ್ನು ಮುಂದೆ ಚಾಚಿದ.